ಸೇವ್ ಆಗದೆ ಉಳಿದಿದ್ದ ಮೂರನೇ ಮಹಡಿ

ಕಳೆದ ವರ್ಷ ನಾನು ಮುಂಬೈಯ ಮುಲುಂಡಿನ ಒಂದು ಆಸ್ಪತ್ರೆಯಲ್ಲಿ ನೆಟ್‌ವರ್ಕ್ ವಿಭಾಗದ ಮುಖ್ಯಸ್ಥೆಯಾಗಿದ್ದೆ. ನಿವೃತ್ತಿಗೆ ಕೆಲವೇ ತಿಂಗಳು ಬಾಕಿ. ಆಸ್ಪತ್ರೆಯ ಯಂತ್ರಗಳು ಒಂದರ ಜೊತೆ ಒಂದು ಮಾತಾಡುವುದು ಸ್ವಿಚ್ ಎಂಬ ಪೆಟ್ಟಿಗೆಗಳ ಮೂಲಕ. ಯಾವ ವೈರಿನಿಂದ ಬಂದದ್ದು ಎಲ್ಲಿಗೆ ಹೋಗಬೇಕು, ಯಾರನ್ನು ಒಳಗೆ ಬಿಡಬಾರದು ಎಂದು ಆ ಪೆಟ್ಟಿಗೆಗೆ ಬರೆದುಕೊಟ್ಟ ಸೂಚನೆಗಳೇ ಕಾನ್ಫಿಗರೇಶನ್. ನಮ್ಮಲ್ಲಿ ಎಂಬತ್ತಕ್ಕೂ ಹೆಚ್ಚು ಸ್ವಿಚ್‌ಗಳಿದ್ದವು. ನನ್ನನ್ನು ಕೇಳದೆ ಯಾರೂ ಅವುಗಳಿಗೆ ಕೈಹಾಕಬಾರದು ಎಂಬುದು ನನ್ನ ಹಟ. ಬೆನ್ನ ಹಿಂದೆ ಎಲ್ಲರೂ ನನ್ನನ್ನು ಹೆಡ್‌ಮಿಸ್ಟ್ರೆಸ್ ಎನ್ನುತ್ತಿದ್ದರು. ಬೇಸರವೇನೂ ಇರಲಿಲ್ಲ, ಒಳಗೊಳಗೇ ಖುಷಿಯೇ.

ನನ್ನ ಕೈಕೆಳಗಿನ ಎಂಜಿನಿಯರ್ ರಿಜ್ವಾನ್ ವಿಜಯಪುರದವನು, ಜೋಗೇಶ್ವರಿಯಲ್ಲಿ ಸಂಸಾರ. ಅವನೊಂದು ಎಐ ಏಜೆಂಟ್ ತಂದ. ಏಜೆಂಟ್ ಎಂದರೆ, ಕೇಳಿದ್ದಕ್ಕೆ ಬರೀ ಉತ್ತರ ಹೇಳದೆ, ನಾವು ಕೊಟ್ಟ ಟೂಲ್‌ಗಳನ್ನು ತಾನೇ ಬಳಸಿ ಕೆಲಸ ಮಾಡುವ ಸಾಫ್ಟ್‌ವೇರ್. ಸ್ವಿಚ್‌ಗಳಿಂದ ಕಾನ್ಫಿಗರೇಶನ್ ತರುವ ಒಂದು ಟೂಲನ್ನು ರಿಜ್ವಾನ್ ಅದಕ್ಕೆ ಜೋಡಿಸಿದ್ದ. ಕೇಳಿ ನನಗೆ ಮೈಯೆಲ್ಲ ಉರಿಯಿತು.

“ನಾಳೆ ಅದು ಎಲ್ಲ ಅಳಿಸಿ ಹಾಕಿದ್ರೆ ಯಾರು ಜವಾಬ್ದಾರಿ ಮಾರಾಯ?” ಎಂದೆ.

“ಮೇಡಂ, ಅದಕ್ಕ ಓದೂ ಪರ್ಮಿಷನ್ ಅಷ್ಟ ಕೊಟ್ಟೀನ್ರಿ. ನೋಡ್ತದ, ಬಂದು ಹೇಳ್ತದ. ಕೈ ಹಚ್ಚಾಕ ಬರಂಗಿಲ್ಲ,” ಎಂದ.

ಪಾಸ್‌ವರ್ಡ್ ಇರುವ ಸಾಲುಗಳು ಏಜೆಂಟಿನ ಕಣ್ಣಿಗೆ ಬೀಳದಂತೆ ಟೂಲೇ ಮುಚ್ಚಿಬಿಡುತ್ತಿತ್ತು. ಒಂದಿಡೀ ಮಧ್ಯಾಹ್ನ ಕೂತು ನಾನೇ ಅದನ್ನು ಸತಾಯಿಸಿ ನೋಡಿದೆ. ಏನನ್ನೂ ಬದಲಿಸಲು ಅದಕ್ಕೆ ಆಗಲಿಲ್ಲ. ಅರೆಮನಸ್ಸಿನಿಂದ ಒಪ್ಪಿದೆ.

ಅದೇ ವಾರ ಭಾನುವಾರ ಬೆಳಿಗ್ಗೆ ಕಟ್ಟಡದ ವಿದ್ಯುತ್ ಪ್ಯಾನೆಲ್ ಬದಲಿಸುವುದಿತ್ತು. ರೋಗಿಗಳ ಯಂತ್ರಗಳಿಗೆ ಜನರೇಟರ್ ಇದ್ದರೂ ನಮ್ಮ ಸ್ವಿಚ್‌ಗಳೆಲ್ಲ ಆಫ್ ಆಗಿ ಮತ್ತೆ ಆನ್ ಆಗಬೇಕು. ಇಲ್ಲೇ ತೊಡಕು. ಪ್ರತಿ ಸ್ವಿಚ್‌ನಲ್ಲೂ ಕಾನ್ಫಿಗರೇಶನ್ನಿನ ಎರಡು ಪ್ರತಿಗಳಿರುತ್ತವೆ. ಈಗ ನಡೆಯುತ್ತಿರುವುದು ಒಂದು, ಆಫ್ ಆಗಿ ಎದ್ದಾಗ ಓದಿಕೊಳ್ಳುವುದು ಇನ್ನೊಂದು. ಬದಲಾವಣೆ ಮಾಡಿ ಸೇವ್ ಮಾಡದಿದ್ದರೆ ಅದು ಮೊದಲಿನದರಲ್ಲಿ ಮಾತ್ರ ಇರುತ್ತದೆ, ಕರೆಂಟು ಹೋದರೆ ಅದೂ ಹೋಯಿತು. ಎಂಬತ್ತು ಸ್ವಿಚ್‌ಗಳಿಗೆ ಒಂದೊಂದಾಗಿ ಲಾಗಿನ್ ಆಗಿ ಎರಡೂ ಪ್ರತಿಗಳನ್ನು ಹೋಲಿಸುವಷ್ಟು ಹೊತ್ತು ನಮ್ಮ ಬಳಿ ಇರಲಿಲ್ಲ. ರಿಜ್ವಾನ್ ಆ ಕೆಲಸವನ್ನು ಏಜೆಂಟಿಗೆ ಹೇಳಿದ.

ಕ್ಯಾಂಟೀನಿನಿಂದ ಚಹಾ ಬರುವಷ್ಟರಲ್ಲಿ ವರದಿ ಬಂತು. ಎಲ್ಲ ಸರಿ, ಮೂರನೇ ಮಹಡಿಯ ಒಂದು ಸ್ವಿಚ್ ಬಿಟ್ಟು. ಅದರಲ್ಲಿ ಸೇವ್ ಆಗದ ಎರಡು ಬದಲಾವಣೆಗಳಿದ್ದವು. ರೋಗಿಗಳ ಮೇಲೆ ಕಣ್ಣಿಡುವ ಹನ್ನೊಂದು ಮಾನಿಟರ್‌ಗಳ ದಾರಿ ಒಂದು, ಹೊರಗಿನಿಂದ ಒಳಬರಲು ತೆರೆದಿಟ್ಟ ದಾರಿ ಇನ್ನೊಂದು. ಸೇವ್ ಮಾಡುವುದು ಒಳ್ಳೆಯದು ಎಂದು ಏಜೆಂಟ್ ಕೊನೆಯಲ್ಲಿ ಸೂಚಿಸಿತ್ತು.

“ಸೇವ್ ಮಾಡಿಬಿಡೂನೇನ್ರಿ ಮೇಡಂ?” ರಿಜ್ವಾನನ ಬೆರಳು ಕೀಬೋರ್ಡಿನ ಮೇಲೇ ಇತ್ತು.

“ತಡಿ,” ಎಂದೆ.

ನಮ್ಮ ಕಸುಬಿನಲ್ಲಿ ಒಂದು ರೂಢಿಯಿದೆ. ಅಪಾಯದ ಬದಲಾವಣೆ ಮಾಡುವಾಗ ಬೇಕೆಂದೇ ಸೇವ್ ಮಾಡುವುದಿಲ್ಲ. ಎಡವಟ್ಟಾದರೆ ಸ್ವಿಚ್ ಆಫ್ ಮಾಡಿ ಆನ್ ಮಾಡಿದರಾಯಿತು, ಎಲ್ಲ ಹಿಂದಿನಂತಾಗುತ್ತದೆ. ಆಮೇಲೆ ಕೆಲಸ ಸರಿಹೋದ ಖುಷಿಯಲ್ಲಿ ಸೇವ್ ಮಾಡುವುದನ್ನೇ ಮರೆಯುವವರೂ ಇದ್ದಾರೆ. ಹಾಗಾಗಿ ಈ ಎರಡರಲ್ಲಿ ಮರೆತದ್ದು ಯಾವುದು, ಬೇಕೆಂದೇ ಬಿಟ್ಟದ್ದು ಯಾವುದು? ಸ್ವಿಚ್ಚನ್ನು ಎಷ್ಟು ಓದಿದರೂ ಅದು ತಿಳಿಯುವುದಿಲ್ಲ. ಇಬ್ಬರೂ ಮೂರನೇ ಮಹಡಿಗೆ ಹೋದೆವು.

ಅಲ್ಲಿ ನವಜಾತ ಶಿಶುಗಳ ಐಸಿಯು. ಕೆಲವು ವಾರಗಳ ಹಿಂದಷ್ಟೇ ಕೆಳಗಿನ ಮಹಡಿಯಿಂದ ಬಂದಿತ್ತು. ವಾರ್ಡ್ ನೋಡಿಕೊಳ್ಳುತ್ತಿದ್ದ ಮೇರಿ ಸಿಸ್ಟರ್ ನಮ್ಮ ಮಂಗಳೂರು ಕಡೆಯವರು. ಮಕ್ಕಳ ಉಸಿರು, ಎದೆಬಡಿತವೆಲ್ಲ ಒಟ್ಟಿಗೆ ಕಾಣುವ ದೊಡ್ಡ ಸ್ಕ್ರೀನಿನ ಮುಂದೆ ಕೂತಿದ್ದರು. ಆ ಮಾನಿಟರ್‌ಗಳ ದಾರಿ ಬಂದು ಸೇರುವುದು ಅಲ್ಲಿಗೇ. ಭಾನುವಾರ ಇದು ಆಫ್ ಆಗಿ ಮತ್ತೆ ಬರದೇ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ.

“ಅಯ್ಯೋ, ಹಾಗೆಲ್ಲ ಹೇಳ್ಬೇಡಿ ಮಾರಾಯ್ರೆ! ನಂಗೆ ಇರುದು ಎರಡು ಕಣ್ಣು. ಮಕ್ಕಳು ಹನ್ನೊಂದು.”

ಮಾನಿಟರ್‌ಗಳ ದಾರಿ ಯಾವಾಗಲೂ ಇರಬೇಕಾದದ್ದು. ಇದು ಮರೆತದ್ದೇ. ಇನ್ನೊಂದರ ಬಗ್ಗೆಯೂ ಅವರೇ ಹೇಳಿದರು. ವಾರ್ಡ್ ಬದಲಾದಾಗ ಮಾನಿಟರ್‌ಗಳನ್ನು ಜೋಡಿಸಿಕೊಟ್ಟ ವಿಕ್ರೋಳಿಯ ಗುತ್ತಿಗೆ ಕಂಪನಿಯವರು, ನನ್ನ ಕಿವಿಗೂ ಹಾಕದೆ, ತಮ್ಮ ಆಫೀಸಿನಲ್ಲೇ ಕೂತು ಫೋನಿನಲ್ಲಿ ಮಾತಾಡುತ್ತಾ ಸ್ಕ್ರೀನ್ ಸರಿಮಾಡಿದ್ದರಂತೆ. ತೆರೆದಿಟ್ಟ ದಾರಿ ಅವರದು. ಕಂಪನಿಗೆ ಫೋನ್ ಮಾಡಿದೆ. ತಾತ್ಕಾಲಿಕ ಎಂದೇ ಸೇವ್ ಮಾಡಿರಲಿಲ್ಲ ಎಂದರು. ಸುಮ್ಮನೆ ಸೇವ್ ಮಾಡಿದ್ದರೆ ಮಕ್ಕಳ ಐಸಿಯುಗೆ ಹೊರಗಿನಿಂದ ಒಂದು ಬಾಗಿಲು ಕಾಯಂ ಆಗುತ್ತಿತ್ತು. ಮಾಡದಿದ್ದರೆ ಸ್ಕ್ರೀನ್ ಕತ್ತಲು. ನಾನು ಸಾಲು ಸಾಲಾಗಿ ಓದಿದೆ, ರಿಜ್ವಾನ್ ಟೈಪ್ ಮಾಡಿದ. ಮೊದಲು ಬಾಗಿಲು ಮುಚ್ಚಿದೆವು, ಆಮೇಲೆ ಸೇವ್. ಏಜೆಂಟ್ ಮತ್ತೊಮ್ಮೆ ಓದಿ, ಎರಡೂ ಪ್ರತಿ ಒಂದೇ ಎಂದಿತು. ಅದನ್ನು ಬೈದದ್ದೆಲ್ಲ ನೆನಪಾಗಿ ನನಗೇ ನಗು ಬಂತು.

ಭಾನುವಾರ ಸಿಸ್ಟರ್ ಪ್ರತಿ ತೊಟ್ಟಿಲಿನ ಬಳಿ ಒಬ್ಬರನ್ನು ನಿಲ್ಲಿಸಿದ್ದರು. ಕರೆಂಟು ಹೋಯಿತು, ಬಂತು. ಸ್ವಿಚ್ ಎದ್ದು ಕೂರಲು ಕೆಲವು ನಿಮಿಷ ಬೇಕು. ಗಾಜಿನ ಆಚೆ ಒಬ್ಬ ಎಳೆಯ ತಾಯಿ ನಿಂತಿದ್ದಳು. ನನ್ನ ಕೊರಳಿನ ಐಡಿ ಕಾರ್ಡ್ ನೋಡಿ, “ಮ್ಯಾಡಮ್, ಸಬ್ ಠೀಕ್ ಹೈ ನಾ?” ಎಂದಳು. ಎಲ್ಲ ಸರಿಯಿದೆಯೇ ಎಂದು ನಾನೂ ದೊಡ್ಡ ಸ್ಕ್ರೀನಿನತ್ತ ನೋಡಿದೆ. ಅದರಲ್ಲಿ ಎದೆಬಡಿತದ ಒಂದು ಹಸಿರು ಗೆರೆ ಕುಣಿಯಿತು, ಇನ್ನೊಂದು, ಮತ್ತೊಂದು. ಕೊನೆಯದೂ ಬರುವವರೆಗೆ ಕಾದು, “ಹಾಂ ಬೇಟಾ, ಠೀಕ್ ಹೈ,” ಎಂದೆ. 

ಈಗ ನನ್ನ ಕುರ್ಚಿಯಲ್ಲಿ ರಿಜ್ವಾನ್ ಇದ್ದಾನೆ. ಸ್ವಿಚ್‌ಗಳನ್ನು ದಿನವೂ ಓದುವುದು ಏಜೆಂಟಿನ ಕೆಲಸ. ಅದರಿಂದ ಉಳಿಯುವ ಹೊತ್ತಿನಲ್ಲಿ ಅವನು ವಾರ್ಡುಗಳಿಗೆ ಹೋಗಿ ಬರುತ್ತಾನಂತೆ. ಮೂವತ್ತು ವರ್ಷ ಸರ್ವರ್ ರೂಮಿನ ಎಸಿಯಲ್ಲಿ ಕೂತಿದ್ದ ನಾನು ಕಲಿತದ್ದೂ ಅದನ್ನೇ. ಪ್ರತಿ ವೈರಿನ ಆ ತುದಿಯಲ್ಲಿ ಯಾರೋ ಒಬ್ಬರು ಉತ್ತರಕ್ಕಾಗಿ ಕಾಯುತ್ತಿರುತ್ತಾರೆ. ಅವರ ಮುಖ ನೋಡಿ ಬಂದ ಮೇಲೆಯೇ ಸೇವ್ ಬಟನ್ ಒತ್ತಬೇಕು.