ಹಟ್ಟಿ ಇದ್ದಲ್ಲಿಗೆ ಹೋಗುವ ಈಶ್ವರಿ

ನಾನು ಸುಲಭಕ್ಕೆ ಬೆರಗಾಗುವ ಹೆಂಗಸಲ್ಲ. ಗೋನೆಗಂಡ್ಲದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷೀನು ಇಟ್ಟುಕೊಂಡು ಜಂಪರ್ ಹೊಲಿಯುತ್ತೇನೆ. ಊರಿನ ಹೆಂಗಸರ ಅಳತೆ ಗೊತ್ತು, ಅವರ ಮನೆಯ ಸುದ್ದಿಯೂ ಗೊತ್ತು. ಅಂಥದ್ದು ನೋಡಿದೆ, ಇಂಥದ್ದು ಕಂಡೆ ಎಂದು ಯಾರಾದರೂ ಕಣ್ಣರಳಿಸಿ ಶುರು ಮಾಡಿದರೆ ನನಗೆ ಮೊದಲು ಆಕಳಿಕೆ ಬರುತ್ತದೆ. ಅಂಥ ನಾನು ಎದುರು ಮನೆಯ ಈಶ್ವರಿಯ ಸಂಸಾರದಲ್ಲಿ ಒಂದು ಸಂಜೆ ಕಂಡದ್ದನ್ನು ಇನ್ನೂ ಅರಗಿಸಿಕೊಳ್ಳಲು ಆಗಿಲ್ಲ.

ಈಶ್ವರಿಯ ಗಂಡ ಸುಂಕೇಶ ಕುರಿ ಕಾಯುವವನು. ಹಿರಿಯ ಕೆಂಚಣ್ಣ, ಅವನ ಅಳಿಯ ಮಾರಣ್ಣ, ಸುಂಕೇಶ ಮೂವರೂ ತಮ್ಮ ತಮ್ಮ ಕುರಿಗಳನ್ನು ಒಂದೇ ಹಿಂಡು ಮಾಡಿಕೊಂಡಿದ್ದಾರೆ. ಸಂಕ್ರಾಂತಿ ಮುಗಿದು ಹೊಲಗಳು ಬರಿದಾದವೆಂದರೆ ಹೊರಟರು. ಯಾರದೋ ಹೊಲದಲ್ಲಿ ಬಲೆ ಕಟ್ಟಿ ಕುರಿ ಕೂಡುತ್ತಾರೆ. ಕುರಿಗೆ ಮೇವು ಸಿಗುತ್ತದೆ, ಹೊಲಕ್ಕೆ ಗೊಬ್ಬರ ಬೀಳುತ್ತದೆ. ಬಲೆ ಕಟ್ಟಿದ ಜಾಗವೇ ಹಟ್ಟಿ. ನಾಲ್ಕು ದಿನಕ್ಕೆ ಅದನ್ನೂ ಕಿತ್ತು ಮುಂದಿನ ಹೊಲ. ಮಳೆಗಾಲಕ್ಕೆ ಆದೋನಿ ಕಡೆಯ ಗುಡ್ಡಗಳಿಗೆ ವಾಪಸು ಬರುತ್ತಾರೆ, ಆಗಲೂ ಮನೆಯ ಮುಖ ನೋಡುವುದು ಹಬ್ಬಕ್ಕೋ ಹುಣ್ಣಿಮೆಗೋ.

ಇಂಥ ಗಂಡನನ್ನು ಕಟ್ಟಿಕೊಂಡವರು ಫೋನು ಹಿಡಿದು ಕೂರುತ್ತಾರೆ. ಈಶ್ವರಿ ಹಾಗಲ್ಲ. ಹತ್ತಿ ಬಿಡಿಸುವ ಕೂಲಿ ಮುಗಿದು ಎರಡು ದಿನ ಬಿಡುವು ಸಿಕ್ಕಿತೆಂದರೆ ಹಟ್ಟಿ ಎಲ್ಲಿ ಬಿದ್ದಿದೆ ಎಂದು ಕೇಳುತ್ತಾಳೆ, ಸಜ್ಜೆ ರೊಟ್ಟಿ, ಶೇಂಗಾ ಹಿಂಡಿ ಕಟ್ಟುತ್ತಾಳೆ, ಮಕ್ಕಳನ್ನು ಕರೆದುಕೊಂಡು ಬಸ್ಸು ಹತ್ತುತ್ತಾಳೆ. ನಿನ್ನ ಮಕ್ಕಳು ಪ್ರವಾಸ ಮಾಡುವಷ್ಟು ನಮ್ಮ ತಹಶೀಲ್ದಾರರೂ ಮಾಡುವುದಿಲ್ಲ ಎಂದು ನಾನು ರೇಗಿಸುತ್ತಿದ್ದೆ. ಅವಳು ನಕ್ಕು ಬುತ್ತಿಯ ಗಂಟನ್ನು ಇನ್ನಷ್ಟು ಬಿಗಿಯುತ್ತಿದ್ದಳು.

ದೊಡ್ಡವಳು ಭವಾನಿ ಹೀಗೆ ಹಟ್ಟಿಯಿಂದ ಹಟ್ಟಿಗೆ ಓಡಾಡಿಯೇ ಬೆಳೆದಳು. ಮೊದಲ ಮಳೆಗೆ ನೆಲದಿಂದ ಎದ್ದು ಬರುವ, ಮಖಮಲ್ಲಿನಂಥ ಮೈಯ ಕೆಂಪು ಹುಳಗಳನ್ನು ಅಂಗೈ ಮೇಲೆ ಬಿಟ್ಟುಕೊಂಡು ಉಸಿರಾಡುವುದನ್ನೇ ಮರೆತಿದ್ದಳಂತೆ. ದಸರೆಯ ಹೊತ್ತಿಗೆ ಗುಡ್ಡದಲ್ಲಿ ಸೀತಾಫಲ, ಚಳಿಗೆ ಹೊಲದ ಬದುವಿನಲ್ಲಿ ಸುಟ್ಟ ಹಸಿಕಡಲೆ, ಬೇಸಿಗೆಗೆ ಹೊಳೆಯ ಮಡುವು. ಅಂಗನವಾಡಿಯಲ್ಲಿ ಕಲಿತ ತೆಲುಗಿನಲ್ಲಿ ಕುರಿ ಎಣಿಸುತ್ತಾಳೆ, ಅವು ಮಾತು ಕೇಳದಿದ್ದರೆ ಕನ್ನಡದಲ್ಲಿ ಬೈಯುತ್ತಾಳೆ.

ನಾನು ಮೊದಲ ಸಲ ಅವರ ಜೊತೆ ಹೋದದ್ದು ಹೋದ ವರ್ಷ ಸಂಕ್ರಾಂತಿಯ ನಂತರ. ಚಿಕ್ಕವನು ಜಂಬುನಾಥ ಆಗಿನ್ನೂ ಎದೆಹಾಲು ಕುಡಿಯುವ ಹಸುಗೂಸು, ಒಬ್ಬಳಿಗೇ ಇಬ್ಬರನ್ನೂ ಸಂಭಾಳಿಸುವುದು ಕಷ್ಟ ಎಂದು ಜೊತೆಗೆ ಕರೆದಳು. ಎಮ್ಮಿಗನೂರಿನ ಆಚೆ ಕಡಲೆ ಕಿತ್ತ ಹೊಲದಲ್ಲಿ ಹಟ್ಟಿ. ಮರಿಗಳನ್ನು ಹಗಲೆಲ್ಲ ಬಲೆಯೊಳಗೆ ಬಿಟ್ಟು ತಾಯಿಕುರಿಗಳನ್ನು ಮೇಯಲು ಹೊಡೆದುಕೊಂಡು ಹೋಗಿರುತ್ತಾರೆ. ಸಂಜೆ ಹಿಂಡು ಬಂತು. ಬಲೆಯ ಬಾಯಿ ತೆಗೆದರು. ಆ ಗದ್ದಲ, ಆ ದೂಳು, ದೇವರೇ ಗತಿ. ಮರಿಗಳೆಲ್ಲ ಒಂದೇ ಬಣ್ಣ, ಒಂದೇ ಕೂಗು. ಸಂತೆಯಲ್ಲಿ ತಪ್ಪಿಸಿಕೊಂಡ ಮಕ್ಕಳಂಥ ಈ ಮರಿಗಳಿಗೆ ಇವರು ಯಾವ ಕಾಲಕ್ಕೆ ತಾಯಿಯನ್ನು ಹುಡುಕಿಕೊಡುತ್ತಾರೋ ಎಂದುಕೊಂಡೆ. ಯಾರೂ ಏನನ್ನೂ ಹುಡುಕಲಿಲ್ಲ. ತಾಯಿ ಒಮ್ಮೆ ಮೂಸುತ್ತದೆ, ತನ್ನದಲ್ಲದಿದ್ದರೆ ಒದ್ದು ದೂಡುತ್ತದೆ, ತನ್ನದಾದರೆ ನಿಲ್ಲುತ್ತದೆ. ಒಂದೊಂದೇ ಕೂಗು ನಿಂತು ಹೋಯಿತು. ಕಡೆಗೆ ಇಡೀ ಹೊಲದಲ್ಲಿ ಹಾಲು ಕುಡಿಯುವ ಸಣ್ಣ ಸದ್ದು ಬಿಟ್ಟರೆ ಏನೂ ಇಲ್ಲ. ನಾನು ಬಾಯಿಗೆ ಸೆರಗು ಹಿಡಿದು ನಿಂತಿದ್ದೆ.

ಆಗಷ್ಟೇ ಮರಿ ಈದ ಕುರಿಯೊಂದು ಬದಿಯಲ್ಲಿತ್ತು. ಭವಾನಿ ಅದರ ಮರಿಯನ್ನು ಎತ್ತಿಕೊಳ್ಳಲು ಓಡಿದಳು. ಸುಂಕೇಶ ಅವಳ ಕೈ ಹಿಡಿದು ನಿಲ್ಲಿಸಿದ.

"ಮುಟ್ಟಬ್ಯಾಡ ಅವ್ವಾ. ನಿನ್ನ ಕೈಯಾಗ ಪೌಡರ್ ವಾಸನಿ ಐತಿ. ಅದು ಮರಿಗೆ ಹತ್ತಿತಂದ್ರ ತಾಯಿ ಮೂಸಿ ನೋಡಿ ನಂದಲ್ಲ ಅಂತತಿ."

ಹುಡುಗಿ ತನ್ನ ಕೈ ತಾನೇ ಮೂಸಿಕೊಂಡು ಹಿಂದೆ ಬಂದು ಕೂತಳು. ಆಮೇಲೆ ಊರಿಗೆ ಬರುವವರೆಗೂ ಕಂಡಕಂಡದ್ದನ್ನೆಲ್ಲ ಮೂಸಿ ನೋಡುವುದೇ ಅವಳ ಆಟವಾಯಿತು.

ಆ ಸಲ ಬರುವಾಗ ಸುಂಕೇಶ ತಾನು ಹೊದೆಯುತ್ತಿದ್ದ ಕಂಬಳಿಯನ್ನು ಕೂಸಿಗೆ ಚಳಿ ಎಂದು ಕೊಟ್ಟು ಕಳಿಸಿದ. ಜಂಬು ಅದಕ್ಕೆ ಹೇಗೆ ಅಂಟಿಕೊಂಡನೆಂದರೆ ಆಮೇಲೆ ಅದಿಲ್ಲದೆ ಕಣ್ಣು ಮುಚ್ಚಲಿಲ್ಲ. ಈಶ್ವರಿ ಎಮ್ಮಿಗನೂರಿನಿಂದ ಹೂವಿನ ಚಿತ್ರದ ಮೆತ್ತನೆಯ ಹೊದಿಕೆ ತಂದಳು. ಅವನು ಅದನ್ನು ಕಾಲಲ್ಲಿ ಒದ್ದು, ಕಂಬಳಿಯ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಹೆಬ್ಬೆರಳು ಬಾಯಿಗಿಟ್ಟುಕೊಂಡೇ ಮಲಗಿದ. ಆ ಕಂಬಳಿಯ ಕುರಿವಾಸನೆ ಓಣಿ ದಾಟಿ ನನ್ನ ಮಷೀನಿನವರೆಗೆ ಬರುತ್ತಿತ್ತು. ಮಗನಿಗೆ ತೊಟ್ಟಿಲು ಬೇಡವಾಗಿದ್ದರೆ ಹಟ್ಟಿಯಲ್ಲೇ ಹೆರಬೇಕಿತ್ತು ಎಂದು ನಾನು ಅಂದದ್ದೂ ಉಂಟು.

ವಿಪರ್ಯಾಸ ನೋಡಿ, ಕಂಬಳಿ ಬಿಡದ ಈ ಹುಡುಗ ಅಪ್ಪನ ಹತ್ತಿರ ಮಾತ್ರ ಸುತರಾಂ ಹೋಗಲೊಲ್ಲ. ಕೂಸು ಕಟ್ಟಿಕೊಂಡು ಆ ವರ್ಷ ಮತ್ತೆ ಹಟ್ಟಿಗೆ ಹೋಗಲು ಈಶ್ವರಿಗೆ ಆಗಿರಲಿಲ್ಲ. ಮಳೆಗಾಲದಲ್ಲಿ ಸುಂಕೇಶ ಮನೆಗೆ ಬಂದಾಗಲೆಲ್ಲ ಇದೇ ಗೋಳು. ಮನೆಗೆ ಬಂದ ಕೂಡಲೇ ಈಶ್ವರಿ ಬಿಸಿನೀರು ತೋಡಿ, ಸೋಪು ಕೊಟ್ಟು, ತಲೆಗೆ ಎಣ್ಣೆ ಹಾಕಿ, ಮಡಚಿಟ್ಟ ಅಂಗಿ ತೊಡಿಸುತ್ತಿದ್ದಳು. ಅಷ್ಟಾದ ಮೇಲೆ ಅವನು ಮಗನ ಕಡೆ ಕೈ ಚಾಚಿದರೆ ಹುಡುಗ ಊರು ಕೇಳುವ ಹಾಗೆ ಚೀರುತ್ತಿದ್ದ. ದೃಷ್ಟಿ ಎಂದರು, ನಿವಾಳಿಸಿದರು. ದರ್ಗಾದ ದಸ್ತಗಿರಿ ತಾತನಿಂದ ತಾಯತ ಕಟ್ಟಿಸಿದರು. ತಾಯತವನ್ನು ಚೀಪುತ್ತಲೇ ಅತ್ತ.

ಈ ವರ್ಷ ಸಂಕ್ರಾಂತಿಗೂ ಅದೇ ಆಯಿತು. ಹಿಂಡಿನ ಜೊತೆ ಹೊರಡುವ ದಿನ ಸುಂಕೇಶ ಹೊಸ್ತಿಲ ಮೇಲೆ ಕೂತು ತಣ್ಣಗೆ ಹೇಳಿದನಂತೆ, ಬೇಸಿಗೆಗೂ ಇವನು ತನ್ನ ಹತ್ತಿರ ಬರದಿದ್ದರೆ ತನ್ನ ಕುರಿಗಳನ್ನು ಕೆಂಚಣ್ಣನ ವಶಕ್ಕೆ ಬಿಟ್ಟು ಆದೋನಿಯ ಹತ್ತಿ ಮಿಲ್ಲಿಗೆ ಸೇರುತ್ತೇನೆ, ದಿನಾ ಸಂಜೆ ಮನೆಗೆ ಬರುವ ಅಪ್ಪನಾಗುತ್ತೇನೆ ಎಂದು. ಇದನ್ನು ನನಗೆ ಹೇಳುವಾಗ ಈಶ್ವರಿಯ ಕಣ್ಣು ತುಂಬಿತ್ತು.

"ದಿನಾ ಮನಿಗೆ ಬರ್ತಾನಂದ್ರ ನನಗ ಬ್ಯಾಡೇನಕ್ಕಾ? ಆದ್ರ ಕುರಿ ಬಿಟ್ಟು ಆತ ಮಿಲ್ಲಿನಾಗ ನಿಂತದ್ದು ನನಗ ನೋಡಾಕ ಆಗಂಗಿಲ್ಲ. ಕುರಿ ಅಂದ್ರ ಆತಗ ಜೀವ."

ಅದು ನಿಜ. ಹಿಂಡಿನಲ್ಲಿ ಯಾವ ಕುರಿ ಕೆಮ್ಮಿದರೂ ಮುಖ ನೋಡದೆ ಹೆಸರು ಹೇಳುವ ಗಂಡಸು ಅವನು. ಅಂಥವನನ್ನು ಮಿಲ್ಲಿನ ಗೇಟಿನಲ್ಲಿ ನೆನೆಸಿಕೊಳ್ಳಲು ನನಗೂ ಆಗಲಿಲ್ಲ. ಕೈಯಲ್ಲಿದ್ದ ಮದುವೆ ಮನೆಯ ಜಂಪರುಗಳನ್ನು ಪಕ್ಕಕ್ಕಿಟ್ಟು, ಬೇಸಿಗೆಯಲ್ಲಿ ನಾನೂ ಹೊರಟೆ.

ಹಟ್ಟಿ ಆಗ ಸಿ. ಬೆಳಗಲ್ ಕಡೆ ಹೊಳೆಯ ಹತ್ತಿರ ಬಿದ್ದಿತ್ತು. ಎರಡು ಬಸ್ಸು, ಒಂದು ಆಟೊ, ಆಮೇಲೆ ನಡಿಗೆ. ಸೆಖೆಯಲ್ಲಿ ಎಂಥ ಕಂಬಳಿ ಎಂದು ಈಶ್ವರಿ ಅದನ್ನು ಮನೆಯಲ್ಲೇ ಬಿಟ್ಟಿದ್ದಳು. ನಿದ್ದೆ ಬಾರದೆ ಜಂಬು ದಾರಿಯುದ್ದಕ್ಕೂ ಕಿರಿಕಿರಿ. ಮಗ ಬರುತ್ತಾನೆ, ಚೊಕ್ಕಟ ಇರು ಎಂದು ಗಂಡನಿಗೆ ಹಿಂದಿನ ದಿನವೇ ಫೋನು ಹೋಗಿತ್ತು. ಸುಂಕೇಶ ಬೆಳಿಗ್ಗೆಯೇ ಹೊಳೆಯಲ್ಲಿ ಸೋಪು ತೀರುವವರೆಗೆ ಮೈ ಉಜ್ಜಿಕೊಂಡು, ಗಡ್ಡ ಕೆರೆಸಿಕೊಂಡು, ಮುಖಕ್ಕೆ ಪೌಡರು ಬಳಿದುಕೊಂಡು, ಹೊಸ ಅಂಗಿ ತೊಟ್ಟು ಜಾಲಿ ಮರದ ಕೆಳಗೆ ಮದುಮಗನ ಹಾಗೆ ನಿಂತಿದ್ದ. ಜಂಬು ಅವನನ್ನು ನೋಡಿದ, ನನ್ನ ಕುತ್ತಿಗೆಗೆ ಜೋತುಬಿದ್ದ, ಚೀರಿದ.

ಮಧ್ಯಾಹ್ನದವರೆಗೆ ಆ ಮನುಷ್ಯ ಮಾಡದ ಆಟವಿಲ್ಲ. ಪೀಪಿ ಊದಿದ, ಮರಿ ತಂದು ತೋರಿಸಿದ, ತಾನೇ ಕುರಿಯ ಹಾಗೆ ಕೂಗಿದ. ಹತ್ತಿರ ಬಂದಷ್ಟೂ ಹುಡುಗ ದೂರ. ಕಡೆಗೆ ಸುಂಕೇಶ ಎದ್ದು, ಕೆಂಚಣ್ಣನ ಮುಂದೆ ನಿಂತು, ಮಳೆಗಾಲದಿಂದ ತನ್ನ ಕುರಿಗಳನ್ನೂ ನೀನೇ ನೋಡಿಕೋ ಎಂದ. ಕೆಂಚಣ್ಣ ಕೋಲು ಎತ್ತಿಕೊಂಡು ಎದ್ದ. ಈಶ್ವರಿ ಒಲೆಯ ಕಡೆ ಮುಖ ಮಾಡಿಕೊಂಡು ಹೊಗೆಯ ನೆಪದಲ್ಲಿ ಕಣ್ಣು ಒರೆಸಿಕೊಂಡಳು. ಮೂವರೂ ಗಂಡಸರು ಹಿಂಡು ಹೊಡೆದುಕೊಂಡು ಮೇಯಿಸಲು ಹೋದರು.

ಸಂಜೆ ಹಿಂಡು ತಿರುಗುವ ಹೊತ್ತಿಗೆ ಪಡುವಣದಲ್ಲಿ ಮೋಡ ಕಟ್ಟಿ, ಗಾಳಿ ಎದ್ದು, ದಪ್ಪ ಹನಿಯ ಮಳೆ ಹಿಡಿಯಿತು. ನಾವು ತಾಡಪಾಲಿನ ಕೆಳಗೆ ಸೇರಿದೆವು, ಜಂಬು ನನ್ನ ಮಡಿಲಲ್ಲಿದ್ದ. ಸುಂಕೇಶ ಓಡಿಬಂದು, ಹೊಸ ಅಂಗಿ ಹಾಳಾಗಬಾರದೆಂದು ಬಿಚ್ಚಿ ಹೆಂಡತಿಯ ಕೈಗೆ ಕೊಟ್ಟು, ತನ್ನ ಕಂಬಳಿಯನ್ನು ಕೊಪ್ಪೆ ಮಾಡಿ ತಲೆಯ ಮೇಲೆ ಎಳೆದುಕೊಂಡು ಮತ್ತೆ ಮಳೆಗೆ ಹೋದ. ಕೆಂಚಣ್ಣ, ಮಾರಣ್ಣರದೂ ಅಂಥವೇ ಕರಿ ಕಂಬಳಿ, ಅಂಥವೇ ಕೊಪ್ಪೆ. ಬೆನ್ನು ಹಾಕಿ ನಿಂತರೆ ಮೂವರಲ್ಲಿ ಯಾರು ಯಾರೆಂದು ನನಗಂತೂ ತಿಳಿಯಲಿಲ್ಲ. ಮಳೆಯಲ್ಲಿ ನೆಂದ ಉಣ್ಣೆಯ ವಾಸನೆ ಗಾಳಿಗೆ ಗಪ್ಪನೆ ಬಂತು, ನಾನು ಮೂಗು ಮುಚ್ಚಿಕೊಂಡೆ.

ಬಲೆಯ ಬಾಯಿ ತೆಗೆದರು. ಮತ್ತೆ ಅದೇ ಗದ್ದಲ. ಅದನ್ನು ನೋಡುತ್ತ ಮೈಮರೆತಿದ್ದೆ, ಮಡಿಲು ಹಗುರವಾದದ್ದು ತಡವಾಗಿ ತಿಳಿಯಿತು. ಜಂಬು ಮಳೆಯಲ್ಲಿ ಹಿಂಡಿನೊಳಕ್ಕೆ ನಡೆದು ಹೋಗುತ್ತಿದ್ದ. ಅವನ ಕಾಲು ಇನ್ನೂ ಗಟ್ಟಿಯಾಗಿರಲಿಲ್ಲ, ಸುತ್ತಲೂ ದಿಕ್ಕುಗೆಟ್ಟು ನುಗ್ಗುವ ಕುರಿಗಳು. ಈಶ್ವರಿ ಕೂಗಲು ಬಾಯಿ ತೆರೆದಳು. ಕೆಂಚಣ್ಣ ಅತ್ತಲಿಂದ ಅಂಗೈ ಎತ್ತಿ ತಡೆದ, ಕೂಗಿದರೆ ಹಿಂಡು ಬೆದರುತ್ತದೆ. ಕುರಿಗಳು ಹುಡುಗನ ಎರಡೂ ಬದಿಗೆ ಸರಿದು ದಾರಿ ಬಿಟ್ಟವು. ಅವನು ಕೆಂಚಣ್ಣನ ಕಾಲ ಬಳಿ ಒಂದು ಗಳಿಗೆ ನಿಂತ, ಮೂಗು ಎತ್ತಿದ, ಮುಂದೆ ನಡೆದ. ಮಾರಣ್ಣನ ಹತ್ತಿರ ನಿಲ್ಲಲೂ ಇಲ್ಲ. ಬೆನ್ನು ಹಾಕಿ ಬಗ್ಗಿದ್ದ ಮೂರನೆಯ ಕಂಬಳಿಯ ಬಳಿಗೆ ಹೋಗಿ ಅದರ ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಅದರಲ್ಲಿ ಮುಖ ಒತ್ತಿ, ಹೆಬ್ಬೆರಳು ಬಾಯಿಗಿಟ್ಟ.

ಸುಂಕೇಶ ಒಂದು ಮರಿಯನ್ನು ಕೆಚ್ಚಲಿಗೆ ಹಿಡಿದಿದ್ದ. ಕಾಲಿಗೆ ಒರಗಿದ್ದು ಇನ್ನೊಂದು ಮರಿ ಎಂದುಕೊಂಡು ತಿರುಗದೆಯೇ, ತಡಿ ಮರಿ, ನಿನ್ನವ್ವ ಬರ್ತಾಳ ಎಂದ. ಆಮೇಲೆ ತಿರುಗಿ ನೋಡಿದ. ನೋಡಿದವನು ಹಾಗೇ ನಿಂತುಬಿಟ್ಟ.

"ಅಲುಗಾಡಬ್ಯಾಡಲೇ," ಎಂದ ಕೆಂಚಣ್ಣ. "ಹಿಡಕೊಂಡಾನ, ಹಿಡಕೊಳ್ಳಲಿ."

ಅವನು ಅಲುಗಾಡಲಿಲ್ಲ. ಮಳೆ ಸುರಿಯುತ್ತಿತ್ತು. ಸುತ್ತಲೂ ಒಂದೊಂದೇ ಕೂಗು ನಿಂತು, ಕಡೆಗೆ ಹಾಲು ಕುಡಿಯುವ ಸದ್ದು, ಮಳೆಯ ಸದ್ದು ಎರಡೇ ಉಳಿದವು. ಮಾತು ಬಾರದ ಕೂಸಿಗೆ, ಅಪ್ಪನ ಮುಖ ಕಂಡರೆ ಚೀರುವ ಕೂಸಿಗೆ, ಅಪ್ಪ ಯಾರೆಂದು ಮೊದಲಿನಿಂದಲೂ ಗೊತ್ತಿತ್ತು. ನಮಗೇ ಗೊತ್ತಿರಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಸುಂಕೇಶ ಮೆಲ್ಲನೆ ಕುಕ್ಕರಗಾಲಲ್ಲಿ ಕೂತು ಮಗನ ಮೇಲೆ ಕಂಬಳಿ ಎಳೆದ. ಹುಡುಗ ಅದರೊಳಗೇ ನಿದ್ದೆಹೋದ.

ಭವಾನಿ ತಾಡಪಾಲಿನಿಂದ ಓಡಿ ಹೋಗಿ ಅಪ್ಪನ ಭುಜ ಮೂಸಿ ನೋಡಿದಳು.

"ಅಪ್ಪಾ, ಮುಂಜಾನಿ ನಿನ್ನ ಮೈಯಾಗ ಪೌಡರ್ ವಾಸನಿ ಇತ್ತು. ಅದಕ್ಕ ತಮ್ಮ ನಂದಲ್ಲ ಅಂದ."

ಸುಂಕೇಶ ಅವಳನ್ನು ನೋಡಿದ, ಹೆಂಡತಿಯನ್ನು ನೋಡಿದ. ಹುಟ್ಟಿದಾಗಿನಿಂದ ಕುರಿಗಳ ನಡುವೆ ಬೆಳೆದವನು, ಮರಿಗೆ ಪರವಾಸನೆ ಹತ್ತಬಾರದೆಂದು ಮಗಳಿಗೆ ಕಲಿಸಿದವನು, ತಾನು ಮಾತ್ರ ಪ್ರತಿ ಸಲವೂ ಸೋಪಿನಲ್ಲಿ ತೊಳೆದುಕೊಂಡು ಮಗನ ಮುಂದೆ ನಿಂತಿದ್ದ. ಅವನು ನಗುತ್ತಲೇ ಅತ್ತುಬಿಟ್ಟ. ಸೋಪು ಕೊಟ್ಟವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೆಂಚಣ್ಣ ಮಾತ್ರ, ನಿನ್ನ ಕುರಿ ನೀನೇ ನೋಡಿಕೋ ಮಾರಾಯ, ನನಗೆ ನನ್ನವೇ ಸಾಕು ಎಂದು ಬಲೆ ಕಟ್ಟಲು ಹೋದ. ಮಿಲ್ಲಿನ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ.

ಮರುದಿನ ಹೊರಡುವಾಗ ಈಶ್ವರಿ ಗಂಡನ ಮೈಮೇಲಿನ ಕಂಬಳಿಯನ್ನೇ ಕೇಳಿ ತೆಗೆದುಕೊಂಡಳು. ಮುಂದಿನ ಸಲ ಮನೆಯಲ್ಲಿದ್ದ ಹಳೆಯದನ್ನು ಒಯ್ದು ಕೊಟ್ಟಳು. ಈಗ ಅದೇ ಪದ್ಧತಿಯಾಗಿದೆ, ಅಲ್ಲಿಯದು ಇಲ್ಲಿಗೆ, ಇಲ್ಲಿಯದು ಅಲ್ಲಿಗೆ.

ಆವತ್ತು ಎಮ್ಮಿಗನೂರಿನ ಬಸ್ಸು ತುಂಬಿತ್ತು. ಕಂಬಳಿ ಇನ್ನೂ ಪೂರ್ತಿ ಆರಿರಲಿಲ್ಲ. ಅಕ್ಕಪಕ್ಕದವರು ಮೂಗು ಹಿಡಿದು ಸರಿದು ಕೂತರು. ಕಂಡಕ್ಟರ್ ಬಂದು ಮುಖ ಸಿಂಡರಿಸಿದ.

"ಏಂದಮ್ಮಾ ಈ ವಾಸನ? ಆ ಸಾಮಾನು ಹಿಂದಕ ಇಡ್ರಿ."

ಈಶ್ವರಿ ಏಳಲು ಹೋದಳು. ನಾನು ಅವಳ ತೋಳು ಹಿಡಿದು ಕೂರಿಸಿದೆ.

"ಸಾಮಾನಲ್ಲಪ್ಪಾ ಅದು," ಎಂದೆ. "ಈ ಹುಡುಗನ ಅಪ್ಪ."

ಅವನು ನನ್ನನ್ನು ನೋಡಿದ. ಕಂಬಳಿಯೊಳಗೆ ಮೂಗು ಹುದುಗಿಸಿ ಮಲಗಿದ್ದ ಜಂಬುವನ್ನು ನೋಡಿದ. ಟಿಕೇಟು ಕೊಟ್ಟು ಮುಂದೆ ಹೋದ.