ದಕ್ಕೆಯ ಮೇಲೆ ಗಾಳ ಹಾಕುತ್ತಿದ್ದವಳು

ಆಷಾಢದಲ್ಲಿ ಮಲ್ಪೆಯ ದೋಣಿಗಳೆಲ್ಲ ದಡದ ಮೇಲಿರುತ್ತವೆ, ಕಡಲಿಗೆ ಇಳಿಯುವಂತಿಲ್ಲ. ಇಲ್ಲಿ ಅಮೆರಿಕದಲ್ಲಿ, ಮಗಳ ಮನೆಯಿರುವ ಸಿಯಾಟಲ್ ಹತ್ತಿರ, ಅದೇ ತಿಂಗಳಲ್ಲಿ ಕಡಲು ಕೆರೆಯ ಹಾಗೆ ಸುಮ್ಮನಿದೆ. ದೋಣಿ ಕಟ್ಟುವ ದಕ್ಕೆಯ ಮೇಲೆ ನನ್ನ ಪ್ರಾಯದ ಬಿಳಿ ಹೆಂಗಸೊಬ್ಬಳು ಕುರ್ಚಿಯಲ್ಲಿ ಕೂತು ಗಾಳ ಹಾಕುತ್ತಿದ್ದಳು. ನೋಡಿ ಹೊಟ್ಟೆ ಉರಿಯಿತು. ನಾನೂ ಹಾಕೋಣವೆಂದರೆ ಲೈಸೆನ್ಸ್ ಬೇಕಂತೆ.

ಬೆಳಗಿನಿಂದ ಅವಳಿಗೆ ಒಂದು ಮೀನೂ ಸಿಕ್ಕಿರಲಿಲ್ಲ. ಎಡಕ್ಕೆ ನೀರು ಕಪ್ಪಾಗಿ ಕುದಿಯುತ್ತಿತ್ತು, ಹಕ್ಕಿಗಳು ಎರಗುತ್ತಿದ್ದವು. ಮೀನಿನ ಹಿಂಡು ಇದ್ದದ್ದು ಅಲ್ಲಿ, ಇವಳು ಮಾತ್ರ ಬಲಕ್ಕೇ ಗಾಳ ಎಸೆಯುತ್ತಿದ್ದಳು.

"ಅಮ್ಮ, ಅವ್ರಿಗೆ ಹೇಳ್ಲಾ?" ಎಂದಳು ಮಗಳು.

"ಬಾಯಿ ಮುಚ್ಚು ಮಾರಾಯ್ತಿ. ಇಷ್ಟು ವರ್ಷ ದಡದಲ್ಲಿ ಬಲೆ ಎಳ್ದು ಕಲ್ತದ್ದು, ಅವಳಿಗೆ ಸುಮ್ನೆ ಕೊಡ್ಲಿಕ್ಕುಂಟಾ?"

ಆ ಹೆಂಗಸು ನಕ್ಕು, ಡಬ್ಬಿ ತೆರೆದು ನನಗೊಂದು ಬಿಸ್ಕತ್ತು ಕೊಟ್ಟಳು. ತಿಂದೆ. ಮೀನು ಎಲ್ಲಿದೆಯೆಂದು ಮಾತ್ರ ತೋರಿಸಲಿಲ್ಲ.