ಕೋಡುಬಳೆಯ ಲಂಚ ಮತ್ತು ಕೇಳಿಸಿಕೊಳ್ಳುವ ಪಾಠ

ಈ ಬುದ್ಧಿ ಬರಲು ನನಗೆ ಮೂರು ಡಬ್ಬಿ ಕೋಡುಬಳೆ ಖರ್ಚಾಯಿತು; ಮೇಷ್ಟ್ರೆಂಬ ಮರ್ಯಾದೆಯೂ ಅಷ್ಟಿಷ್ಟು ಹೋಯಿತು. ನೆದರ್‌ಲ್ಯಾಂಡ್ಸಿನ ಆಲ್ಮೆರೆ ಎಂಬ ಊರಿನಲ್ಲಿ ಶನಿವಾರ ಬೆಳಿಗ್ಗೆ ಹನ್ನೆರಡು ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ನೆಲ ಗುಡಿಸಿಕೊಡುತ್ತೇನೆಂದು ಚೌಕಾಸಿ ಮಾಡಿ, ತರಗತಿಗೆಂದು ಮಹಡಿಯ ಕೋಣೆಯೊಂದನ್ನು ಅರ್ಧ ಬಾಡಿಗೆಗೆ ಹಿಡಿದವನು ನಾನು. ಮಕ್ಕಳು ಡಚ್ಚಿನಲ್ಲೇ ಉತ್ತರಿಸುತ್ತಿದ್ದುದರಿಂದ, ಕನ್ನಡದಲ್ಲಿ ಬಾಯಿಬಿಟ್ಟರೆ ಸಲಕ್ಕೊಂದು ಕೋಡುಬಳೆ ಎಂದು ಘೋಷಿಸಿದೆ. ಮೂರೇ ವಾರದಲ್ಲಿ ತರಗತಿ ಸಂತೆಯಾಯಿತು. ಎಲ್ಲರೂ ಮಾತಾಡುವವರೇ, ಕೇಳುವವರು ಒಬ್ಬರೂ ಇಲ್ಲ.

ಒಬ್ಬ ಹುಡುಗಿ ಮಾತ್ರ ಸುಮ್ಮನಿರುತ್ತಿದ್ದಳು. ಹತ್ತು ವರ್ಷದವಳು, ಧಾರವಾಡದ ಕಡೆಯ ಮನೆ. ಅವಳು ಎರಡು ಪದ ಆಡುವಷ್ಟರಲ್ಲಿ ಇನ್ಯಾರೋ ನುಗ್ಗುತ್ತಿದ್ದರು, ಹಿಂದೆ ಕೂತ ಅವಳ ತಾಯಿ "ಹೇಳ, ಮನ್ಯಾಗ ಎಷ್ಟ್ ಮಾತಾಡ್ತಿ!" ಎಂದು ತಿವಿಯುತ್ತಿದ್ದರು. ಹುಡುಗಿ ಇನ್ನಷ್ಟು ಮುದುಡುತ್ತಿದ್ದಳು.

ನಾಲ್ಕನೇ ಶನಿವಾರ ಆ ತಾಯಿ ಬಾಗಿಲಲ್ಲೇ ನಿಂತು ಹೇಳಿದರು: "ಸರ್, ಇವತ್ತೂ ಈಕಿ ಬಾಯಿ ಬಿಡಲಿಲ್ಲಂದ್ರ ಕ್ಲಾಸ್ ಬಿಡಿಸ್ತೀವ್ರಿ. ಈಜು ಕಲಿಯಾಕರ ಹಾಕ್ತೀವಿ."

"ಇವತ್ತೊಂದಿನ ನನಗೆ ಬಿಡಿ. ಆದ್ರೆ ನೀವು ಒಳಗೆ ಕೂರೋ ಹಾಗಿಲ್ಲ. ಕೆಳಗೆ ಹೋಗಿ ಕಾಫಿ ಕುಡೀರಿ."

"ಅಯ್ಯ, ನಾ ಏನ್ ಮಾಡ್ತೀನ್ರಿ?"

"ಹಿಂದಿನಿಂದ ತಿವೀತಾನೇ ಇರ್ತೀರಲ್ಲಮ್ಮ!"

ನಗುತ್ತಲೇ ಹೋದರು. ಉಳಿದ ಅಪ್ಪ ಅಮ್ಮಂದಿರನ್ನೂ ಹಿಂದೆಯೇ ಸಾಗಹಾಕಿದೆ.

ಹರೆಯದಲ್ಲಿ ಚಿಕ್ಕಪೇಟೆಯ ಸೀರೆ ಅಂಗಡಿಯಲ್ಲಿದ್ದಾಗ ಒಂದು ಪಾಠ ಕಲಿತಿದ್ದೆ: ಗಿರಾಕಿ ಹೇಳಿದ್ದನ್ನು ಅವರಿಗೇ ತಿರುಗಿ ಹೇಳಿ, ಅವರು ಹೌದೆಂದ ಮೇಲೇ ಸೀರೆ ಬಿಚ್ಚಬೇಕು. ಅದನ್ನೇ ತರಗತಿಗೆ ತಂದೆ. ಮಕ್ಕಳನ್ನು ವೃತ್ತವಾಗಿ ಕೂರಿಸಿ, ಮನೆಯಲ್ಲಿ ನಾಯಿ ಸಾಕಬೇಕೇ ಎಂಬ ವಿಷಯ ಕೊಟ್ಟೆ. ತನಗಿಂತ ಹಿಂದೆ ಮಾತಾಡಿದವರು ಹೇಳಿದ್ದನ್ನು ಮೊದಲು ತಿರುಗಿ ಹೇಳಬೇಕು. ಅವರು ಒಪ್ಪಿದರೆ ಮಾತ್ರ ತನ್ನ ಮಾತು. ಕೋಡುಬಳೆ ಬಂದ್.

ಎಲ್ಲರಿಗಿಂತ ಜೋರಿನ ಹುಡುಗ ನಾಯಿಯ ಪರ ಉದ್ದಕ್ಕೆ ಭಾಷಣ ಬಿಗಿದ. ಮುಂದಿನವನು, "ಅವನಿಗೆ ನಾಯಿ ಇಷ್ಟ" ಎಂದ.

"ಅಷ್ಟೇ ಅಲ್ಲ ನಾನು ಹೇಳಿದ್ದು!"

ಇನ್ನಿಬ್ಬರು ಪ್ರಯತ್ನಿಸಿ ಸೋತರು. ಸರದಿ ಆ ಹುಡುಗಿಯದು. ಅವಳು ಉಗುರು ನೋಡಿಕೊಳ್ಳುತ್ತಾ ಕೂತಳು. ಯಾರೂ ನುಗ್ಗುವಂತಿರಲಿಲ್ಲ. ನನ್ನ ಬಾಯಿಯೂ ತುರಿಸುತ್ತಿತ್ತು, ಕಚ್ಚಿಕೊಂಡೆ.

"ಅವಗ ನಾಯಿ ಬೇಕಂತ," ಎಂದಳು ಮೆಲ್ಲಗೆ. "ಆದ್ರ ಛಳಿಯಾಗ ಅದನ್ನ ಅಡ್ಡಾಡಿಸೋದು ಅವರಪ್ಪ ಅಂತ."

ಎಲ್ಲರೂ ಗೊಳ್ಳೆಂದರು. ಹುಡುಗ ಕೆಂಪಗಾಗಿ, "ಹೌದು, ಅದೇ ಹೇಳಿದ್ದು" ಎಂದು ಒಪ್ಪಿಕೊಂಡ.

"ನಾ ಒಪ್ಪಂಗಿಲ್ಲ," ಎಂದಳು ಅವಳು, ಈಗ ತಲೆಯೆತ್ತಿ. "ನಾಯಿ ಅವಂದಂದ್ರ ಅವನಽ ಅಡ್ಡಾಡಿಸ್ಬೇಕು."

ತರಗತಿ ಮುಗಿದದ್ದೇ ಕೆಳಗೆ ಹೋಗಿ ತಾಯಿಗೆ ಹೇಳಿದರೆ, "ಖರೇನರಿ?" ಎಂದು ಎರಡು ಸಲ ಕೇಳಿದರು. ಈಜಿಗೆ ಬುಧವಾರ ಸಂಜೆ ಸೇರಿಸಿದರು. ಶನಿವಾರ ನಮಗೇ ಉಳಿಯಿತು.

ನೀವೂ ಮಕ್ಕಳಿಗೆ ಚರ್ಚೆ ಕಲಿಸುವವರಾದರೆ, ದೊಡ್ಡವರನ್ನು ಮೊದಲು ಹೊರಗೆ ಕಳಿಸಿ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಏಳಕ್ಕೆ ಬರುವಷ್ಟರಲ್ಲಿ ನಿಮಗೇ ತಡೆಯಲಾಗುವುದಿಲ್ಲ, ಆದರೂ ಎಣಿಸಿ. ಸುಮ್ಮನಿರುವ ಮಗುವಿಗೆ ಮಾತು ಬರುವುದಿಲ್ಲ ಎಂದು ಮಾತ್ರ ತೀರ್ಮಾನಿಸಬೇಡಿ. ಆ ಮಗು ಹೇಳಿ ಮುಗಿಸುವಷ್ಟು ಹೊತ್ತು ಅಲ್ಲಿ ಉಳಿದವರು ಸುಮ್ಮನಿದ್ದರೇ ಎಂಬುದನ್ನು ನೋಡಿ.